ವೀಲ್‌ಚೇರ್ ಕೊಟ್ಟಿರಿ, ಬಾಗಿಲು ಅಗಲ ಮಾಡುವವರು ಯಾರು?

ಕಳೆದ ದೀಪಾವಳಿಗೆ ನಾನು ಹುಲಜಂತಿಯಲ್ಲಿದ್ದೆ. ಕರಾವಳಿಯ ನಮ್ಮವರಿಗೆ ಈ ಊರಿನ ಹೆಸರು ಗೊತ್ತಿರಲಿಕ್ಕಿಲ್ಲ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಮಂಗಳವೇಢೆ ತಾಲೂಕಿನ ಹಳ್ಳಿ ಅದು. ನಮ್ಮ ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರ. ನಕಾಶೆಯಲ್ಲಿ ಮಹಾರಾಷ್ಟ್ರ, ಮನೆಯೊಳಗೆ ಕನ್ನಡ. ಅಕ್ಕಲಕೋಟೆ, ಜತ್ತ, ಮಂಗಳವೇಢೆ ಕಡೆಯ ಎಷ್ಟೋ ಹಳ್ಳಿಗಳದ್ದು ಇದೇ ಕಥೆ. ಹುಲಜಂತಿಯಲ್ಲಿ ಮಾಳಿಂಗರಾಯನ ಗುಡಿ ಇದೆ. ದೀಪಾವಳಿ ಅಮಾವಾಸ್ಯೆಯ ಜಾತ್ರೆಗೆ ಸುತ್ತಲಿನ ರಾಜ್ಯಗಳಿಂದ ಕುರುಬರು, ಧನಗರರು ಬಂದು ಸೇರುತ್ತಾರೆ. ಊರೂರಿನ ದೇವರ ಪಲ್ಲಕ್ಕಿಗಳು ಅಲ್ಲಿ ಭೇಟಿಯಾಗುತ್ತವೆ. ಡೊಳ್ಳಿನ ಸದ್ದು, ಭಂಡಾರದ ಹಳದಿ, ಕಾಲಿಡಲು ಜಾಗವಿಲ್ಲದಷ್ಟು ಜನ.

ಊರುಗೋಲು ಹಿಡಿದ ಬ್ಯಾರಿಯೊಬ್ಬನಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ಗೆಳೆಯನನ್ನು ನೋಡಲು ಹೋಗಿದ್ದೆ. ನಾನು ಪೋಲಿಯೋದವನು. ಎಡಗಾಲಿಗೆ ಕ್ಯಾಲಿಪರ್, ಎರಡೂ ಕಂಕುಳಿಗೆ ಊರುಗೋಲು. ಗೆಳೆಯನದ್ದು ಬೆನ್ನುಹುರಿಯ ಗಾಯ. ಪಂಪಿನ ಮೋಟಾರು ಮೇಲೆತ್ತುವಾಗ ಬಾವಿಗೆ ಬಿದ್ದವನು, ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ಆರು ವರ್ಷದ ಹಿಂದೆ ಬೆಂಗಳೂರಿನ ಒಂದು ತರಬೇತಿಯಲ್ಲಿ ನಮ್ಮ ಪರಿಚಯವಾಯಿತು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನೇ ಬೇಡವೆಂದ.

ಆ ತರಬೇತಿಯಲ್ಲಿ ಅವನಿಗೆ ಪಾಠ ಹೇಳಿದವರು ಡಾಕ್ಟರಲ್ಲ. ಹದಿನೈದು ವರ್ಷದಿಂದ ವೀಲ್‌ಚೇರಿನಲ್ಲೇ ಇರುವ ಇನ್ನೊಬ್ಬರು. ಮಂಚದಿಂದ ವೀಲ್‌ಚೇರಿಗೆ ಹಲಗೆಯ ಮೇಲೆ ಜಾರಿಕೊಂಡು ಹೋಗುವುದು ಹೇಗೆ, ಹಾಸಿಗೆ ಹುಣ್ಣು ಆಗದಂತೆ ಆಗಾಗ ಕೈಯೂರಿ ಮೈ ಎತ್ತುವುದು ಹೇಗೆ, ರಾತ್ರಿ ಕನ್ನಡಿ ಹಿಡಿದು ಬೆನ್ನಿನ ಚರ್ಮ ನೋಡಿಕೊಳ್ಳುವುದು ಹೇಗೆ, ಮೂತ್ರದ ನಳಿಕೆಯನ್ನು ತಾನೇ ಹಾಕಿಕೊಳ್ಳುವುದು ಹೇಗೆ, ಎಲ್ಲವನ್ನೂ ಅವರು ತಮ್ಮ ಮೈಮೇಲೆಯೇ ತೋರಿಸಿ ಕಲಿಸಿದರು. ಮೂರು ತಿಂಗಳಲ್ಲಿ ನನ್ನ ಗೆಳೆಯ ಬೇರೆಯೇ ಮನುಷ್ಯನಾಗಿದ್ದ. ಊರಿಗೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಅಣ್ಣಾ, ಇನ್ನ ಅವ್ವನ ಕೈಲೆ ಎತ್ತಿಸಿಕೊಳ್ಳಾಂಗಿಲ್ಲ" ಎಂದಿದ್ದ.

ಈ ದೀಪಾವಳಿಗೆ ನಾನು ಕಂಡದ್ದೇನು? ಅವನು ಮಂಚದ ಮೇಲಿದ್ದ. ವೀಲ್‌ಚೇರ್ ಮೂಲೆಯಲ್ಲಿತ್ತು, ಅದರ ಮೇಲೆ ಜೋಳದ ಚೀಲ. ಮುಂದಿನ ಸಣ್ಣ ಚಕ್ರ ಮುರಿದು ವರ್ಷವಾಗಿದೆ, ರಿಪೇರಿ ಮಾಡುವವರು ಹತ್ತಿರದಲ್ಲಿ ಸಿಕ್ಕಿಲ್ಲ. ಶೌಚಾಲಯವನ್ನೇನೋ ಕಟ್ಟಿಸಿದ್ದಾರೆ. ಅದರ ಬಾಗಿಲು 24 ಇಂಚು, ವೀಲ್‌ಚೇರ್ 26 ಇಂಚು. ಆ ಎರಡು ಇಂಚಿನ ಲೆಕ್ಕವನ್ನು ಅವನ ಅವ್ವ ದಿನಾ ತನ್ನ ಬೆನ್ನಿನಿಂದ ತೀರಿಸುತ್ತಾಳೆ. ಅರವತ್ತೈದು ದಾಟಿದ ಹೆಂಗಸು, ನಲವತ್ತರ ಮಗನನ್ನು ಎತ್ತುತ್ತಾಳೆ. "ಬೆಂಗಳೂರಾಗ ನಾ ಮನಷಾ ಆಗಿದ್ದೆ ಅಣ್ಣಾ. ಊರಿಗಿ ಬಂದು ಮತ್ತ ಎತ್ತಿ ಇಡೂ ಜ್ವಾಳದ ಚೀಲ ಆದೆ" ಎಂದ.

ಊಟಕ್ಕೆ ರೊಟ್ಟಿ ಬಡಿಸುತ್ತಾ ಅವ್ವ ನನ್ನನ್ನು ಕೇಳಿದಳು, "ತಮ್ಮಾ, ನಾ ಹ್ವಾದ ಮ್ಯಾಲ ಇವನ್ನ ಯಾರ ಎತ್ತತಾರ?"

ಈ ಪ್ರಶ್ನೆ ನನಗೆ ಹೊಸದಲ್ಲ. ಕೊಕ್ಕಡದಲ್ಲಿ ಕೇಳಿದ್ದೇನೆ, ಪುತ್ತೂರಿನ ಕಡೆ ಕೇಳಿದ್ದೇನೆ, ಗಡಿಯಾಚೆ ಕಾಸರಗೋಡಿನ ಹಳ್ಳಿಗಳಲ್ಲಿ ಕೇಳಿದ್ದೇನೆ. ಗೇರು ತೋಟಗಳಿಗೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದದ್ದನ್ನು ನೀವೆಲ್ಲ ಬಲ್ಲಿರಿ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆದರೆ ಆ ಹೊತ್ತಿಗೆ ಹುಟ್ಟಿದ್ದ ಮಕ್ಕಳು ಈಗ ಇಪ್ಪತ್ತು, ಮೂವತ್ತು ವಯಸ್ಸಿನವರು. ಅವರ ತಾಯಂದಿರದ್ದೂ ಇದೇ ಮಾತು: ನನ್ನ ನಂತರ ಯಾರು? ಕೊಕ್ಕಡ, ಕೊಯಿಲದಂಥ ಕಡೆ ಹಗಲು ಪಾಲನಾ ಕೇಂದ್ರಗಳಿವೆ, ಅದು ಒಳ್ಳೆಯದೇ. ಆದರೆ ಸಂಜೆಯಾದರೆ ಮತ್ತೆ ಅದೇ ಮನೆ, ಅದೇ ಅಮ್ಮ, ಅದೇ ಬೆನ್ನು.

ಈ ಪ್ರಶ್ನೆಗೆ ನಾವು ಇಷ್ಟು ವರ್ಷ ಕೊಟ್ಟ ಉತ್ತರ ಒಂದೇ. ಜಿಲ್ಲೆಗೊಂದು ದೊಡ್ಡ ಆಶ್ರಮ ಕಟ್ಟಿಸಿ, ಎಲ್ಲರನ್ನೂ ಅಲ್ಲಿ ಸೇರಿಸಿ. ಅಂಥ ಮನವಿಪತ್ರಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಇವತ್ತು ಹೇಳುತ್ತೇನೆ: ಆ ಸಹಿ ತಪ್ಪು. ನಾವು ಕೇಳಬೇಕಾದದ್ದು ಬೇರೆಯೇ ಇತ್ತು. ಅದನ್ನು ವಿವರಿಸಲಿಕ್ಕೇ ಈ ಲೇಖನ.

ಆಶ್ರಮ ಎಂದರೆ ಏನು? ಏಳುವ ಹೊತ್ತು ಬೇರೆಯವರದ್ದು, ಉಣ್ಣುವ ಹೊತ್ತು ಬೇರೆಯವರದ್ದು. ಯಾರು ನೋಡಲು ಬರಬಹುದು, ಎಷ್ಟು ಹೊತ್ತು ಕೂರಬಹುದು ಎಂಬುದೂ ಬೇರೆಯವರ ತೀರ್ಮಾನ. ಅಲ್ಲಿ ದುಡಿಯುವವರು ಒಳ್ಳೆಯವರೇ ಇರಬಹುದು. ಆದರೆ ಏನೂ ತಪ್ಪು ಮಾಡದ ಒಬ್ಬನನ್ನು, ಕಾಲಿಲ್ಲ ಎಂಬ ಒಂದೇ ಕಾರಣಕ್ಕೆ ಊರಿನಿಂದ, ಪೇಟೆಯಿಂದ, ಮಸೀದಿಯಿಂದ, ಜಾತ್ರೆಯಿಂದ ದೂರ ಇಡುವುದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ನಾನು ಬರೆಯಬೇಕಾಗಿಲ್ಲ.

ನಮ್ಮ ಕಾನೂನೂ ಆಶ್ರಮದ ಪರವಾಗಿಲ್ಲ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಒಪ್ಪಿಕೊಂಡಿದೆ. ಅದರ 19ನೇ ವಿಧಿ ಸ್ವತಂತ್ರ ಬದುಕಿನದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೇ ಕಲಮನ್ನು ತೆಗೆದು ಓದಿ. ಸಮುದಾಯದೊಳಗೆ ಬದುಕುವುದು ನಮ್ಮ ಹಕ್ಕು ಎನ್ನುತ್ತದೆ. ಇಂಥ ಕಡೆಯೇ ಇರಬೇಕು ಎಂದು ಯಾರನ್ನೂ ಕಟ್ಟಿಹಾಕದಂತೆ ಸರ್ಕಾರ ಶ್ರಮಿಸಬೇಕು ಎನ್ನುತ್ತದೆ. ಮನೆಯಲ್ಲಿ ಬದುಕಲು ಬೇಕಾದ ಸಹಾಯ, ವೈಯಕ್ತಿಕ ಸಹಾಯಕರೂ ಸೇರಿದಂತೆ, ಸಿಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2017ರಲ್ಲಿ. ಹುಲಜಂತಿಯ ಆ ಬಾಗಿಲು ಈಗಲೂ 24 ಇಂಚು.

"ಸ್ವತಂತ್ರ ಬದುಕು" ಎಂದರೆ ಕೆಲವರು ನಗುತ್ತಾರೆ. ನಿನಗೆ ನೀನೇ ಚಡ್ಡಿ ಹಾಕಿಕೊಳ್ಳಲು ಆಗದು, ಎಂಥ ಸ್ವತಂತ್ರ ಮಾರಾಯ, ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದ್ದಾರೆ. ಮಂತ್ರಿ ತನ್ನ ಕಾರನ್ನು ತಾನು ಓಡಿಸುವುದಿಲ್ಲ, ತನ್ನ ಚಹಾವನ್ನು ತಾನು ಮಾಡುವುದಿಲ್ಲ. ಅವರನ್ನು ಯಾರೂ ಪರಾಧೀನ ಎನ್ನುವುದಿಲ್ಲ, ಯಾಕೆಂದರೆ ಕಾರು ಎಲ್ಲಿಗೆ ಹೋಗಬೇಕೆಂದು ಹೇಳುವವರು ಅವರು. ನಾವು ಕೇಳುವುದೂ ಅಷ್ಟೇ. ಕೈ ಬೇರೆಯವರದ್ದಾಗಲಿ, ತೀರ್ಮಾನ ನಮ್ಮದಾಗಿರಲಿ.

ಈ ವಿಚಾರ ಒಂದು ಚಳವಳಿಯಾಗಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಎಡ್ ರಾಬರ್ಟ್ಸ್ ಎಂಬ ಹುಡುಗನಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ಬಂತು. ಕತ್ತಿನಿಂದ ಕೆಳಗೆ ಬಹುತೇಕ ಏನೂ ಅಲುಗಾಡದು, ಮಲಗಬೇಕಾದರೆ ಉಸಿರಾಟಕ್ಕೆ ಕಬ್ಬಿಣದ ಯಂತ್ರದೊಳಗೇ ಮಲಗಬೇಕು. ಇವನು ಯಾವ ಕೆಲಸಕ್ಕೂ ಆಗುವವನಲ್ಲ ಎಂದು ರಾಜ್ಯದ ಪುನರ್ವಸತಿ ಇಲಾಖೆ ಅವನ ಅರ್ಜಿಯನ್ನು ತಿರಸ್ಕರಿಸಿತ್ತು. ಅವನು ಬಿಡಲಿಲ್ಲ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದಿದ. ಜೊತೆಗಾರರೊಂದಿಗೆ ಸೇರಿ 1972ರಲ್ಲಿ ಅಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದ. 1975ರಲ್ಲಿ ಅದೇ ಪುನರ್ವಸತಿ ಇಲಾಖೆಗೆ ಅವನನ್ನೇ ನಿರ್ದೇಶಕನನ್ನಾಗಿ ನೇಮಿಸಿದರು. ಒಂದು ಊರಿನ ಕೇಂದ್ರ ಇಡೀ ರಾಜ್ಯದ ಜಾಲವಾಗಲು ಹೊರಟದ್ದು ಅಲ್ಲಿಂದ. 1978ರ ಹೊತ್ತಿಗೆ ಇಂಥ ಕೇಂದ್ರಗಳಿಗೆ ಇಡೀ ದೇಶದಲ್ಲಿ ಕಾನೂನಿನ ಬೆಂಬಲ ಸಿಕ್ಕಿತು.

ಆ ಕೇಂದ್ರಗಳ ಒಂದು ನಿಯಮ ನಮಗೆ ಮುಖ್ಯ. ಆಡಳಿತ ಮಂಡಳಿಯಲ್ಲಿ ಅಂಗವಿಕಲರೇ ಬಹುಮತದಲ್ಲಿರಬೇಕು. ಸಿಬ್ಬಂದಿಯಲ್ಲೂ ಹಾಗೆಯೇ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ, ಅದು ಹಾಸ್ಟೆಲ್ ಅಲ್ಲ. ಕೆಲಸ ಮುಖ್ಯವಾಗಿ ನಾಲ್ಕು. ಯಾವ ಸೌಲಭ್ಯ ಎಲ್ಲಿ ಸಿಗುತ್ತದೆಂದು ಹೇಳುವುದು, ದಿನದ ಬದುಕಿನ ಕೌಶಲ ಕಲಿಸುವುದು, ಅದೇ ಕಷ್ಟ ಉಂಡವರೇ ಕೂತು ಧೈರ್ಯ ಹೇಳುವುದು, ಹಕ್ಕಿಗಾಗಿ ಜೊತೆಗೆ ನಿಂತು ಜಗಳವಾಡುವುದು. ನಮ್ಮ ಎಷ್ಟು ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಅಂಗವಿಕಲರು ಅರ್ಧಕ್ಕಿಂತ ಹೆಚ್ಚಿದ್ದಾರೆ? ವೇದಿಕೆಯ ಮೇಲೆ ಎಷ್ಟು ಜನ, ವೇದಿಕೆಯ ಕೆಳಗೆ ಎಷ್ಟು ಜನ? ಮುಂದಿನ ಕಾರ್ಯಕ್ರಮದಲ್ಲಿ ಎಣಿಸಿ ನೋಡಿ.

ಇದು ಅಮೆರಿಕದ್ದು, ನಮಗೆ ಹೊಂದದು ಎನ್ನುವವರಿಗೆ ನಮ್ಮವರದೇ ಹೆಸರು ಹೇಳುತ್ತೇನೆ. ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಸ್ವತಃ ಪೋಲಿಯೋ ಬಾಧಿತರು. ಬರ್ಕ್ಲಿಯ ಕೇಂದ್ರಕ್ಕಿಂತ 13 ವರ್ಷ ಮೊದಲು! ಮಲಪ್ಪುರಂ ಜಿಲ್ಲೆಯ ವೆಳ್ಳಿಲಕ್ಕಾಡಿನ ಕೆ.ವಿ. ರಾಬಿಯಾರನ್ನು ನಮ್ಮಲ್ಲಿ ಹಲವರು ಬಲ್ಲರು. ಪೋಲಿಯೋದಿಂದ ನಡೆಯಲಾಗದ ಆ ಹೆಣ್ಣುಮಗಳು 1990ರ ಸಾಕ್ಷರತಾ ಆಂದೋಲನದಲ್ಲಿ ಊರಿನ ದೊಡ್ಡವರಿಗೆಲ್ಲ ಅಕ್ಷರ ಕಲಿಸಿದರು, ಊರಿಗೆ ರಸ್ತೆ ತರಿಸಿದರು, ಚಲನಂ ಎಂಬ ಸಂಸ್ಥೆ ಕಟ್ಟಿದರು. 2022ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು. ರಾಬಿಯಾ ಯಾರ ಕಿಟ್‌ಗೂ ಸಾಲಿನಲ್ಲಿ ನಿಂತವರಲ್ಲ. ಊರೇ ಅವರ ಮನೆಯ ಮುಂದೆ ಸಾಲು ನಿಂತಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮರ ಕಥೆ ಮದರಸದಲ್ಲಿ ನಾವೆಲ್ಲ ಕೇಳಿದವರು. ಕಣ್ಣು ಕಾಣದ ಅವರು ಬಂದಾಗ ಊರಿನ ದೊಡ್ಡವರ ಕಡೆಗೆ ಗಮನ ಹೋಯಿತೆಂದು ಆಕ್ಷೇಪ ಇಳಿದ ಕಥೆ. ನಾವು ಅದನ್ನು ಅಲ್ಲಿಗೇ ನಿಲ್ಲಿಸಿ, ಕುರುಡರ ಮೇಲೆ ಕನಿಕರ ತೋರಬೇಕು ಎಂದು ಪಾಠ ಮುಗಿಸುತ್ತೇವೆ. ಮುಂದಿನದ್ದನ್ನು ಹೇಳುವುದೇ ಇಲ್ಲ. ಅವರನ್ನು ಬಾಂಗ್ ಕೊಡಲು ನೇಮಿಸಲಾಯಿತು. ಪ್ರವಾದಿಯವರು(ಸ) ಮದೀನಾದಿಂದ ಹೊರಗೆ ಹೋದಾಗ ಹಲವು ಬಾರಿ ಊರಿನ ಹೊಣೆಯನ್ನು ಅವರಿಗೇ ವಹಿಸಿ ಹೋದರು. ಕನಿಕರ ಅಲ್ಲಿ ಹೊಣೆಯಾಗಿ ಬದಲಾಯಿತು. ನಮ್ಮ ಯಾವ ಜಮಾಅತ್ ಕಮಿಟಿಯಲ್ಲಿ ಇವತ್ತು ಕಣ್ಣು ಕಾಣದ ಒಬ್ಬ ಸದಸ್ಯನಿದ್ದಾನೆ?

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹನ್ನೆರಡು ವರ್ಷದ ಹಿಂದೆ ನಮ್ಮ ಕಡೆ ಒಂದು ವೀಲ್‌ಚೇರ್ ವಿತರಣೆಯ ಕಾರ್ಯಕ್ರಮಕ್ಕೆ ಓಡಾಡಿದವನು ನಾನು. ಹಿಂದೆ ಬ್ಯಾನರ್, ಮುಂದೆ ಫೋಟೋದವರು, ಸಾಲಾಗಿ ನಲವತ್ತು ವೀಲ್‌ಚೇರು. ಎಲ್ಲವೂ ಒಂದೇ ಅಳತೆ. ಹತ್ತು ವರ್ಷದ ಮಗುವಿಗೂ ಅದೇ, ಎಂಬತ್ತು ಕಿಲೋದ ಗಂಡಸಿಗೂ ಅದೇ. ಮರುವರ್ಷ ಆ ಮನೆಗಳಲ್ಲಿ ಕೆಲವಕ್ಕೆ ಹೋದೆ. ಒಂದು ಮನೆ ಗುಡ್ಡದ ಮೇಲೆ, ಮೂವತ್ತೆರಡು ಮೆಟ್ಟಿಲು ಇಳಿದರೆ ರಸ್ತೆ. ಅಲ್ಲಿ ವೀಲ್‌ಚೇರಿನ ಮೇಲೆ ಬಟ್ಟೆ ಒಣಗಲು ಹಾಕಿದ್ದರು. ಇನ್ನೊಂದು ಮನೆಯಲ್ಲಿ ಗಾದಿಯಿಲ್ಲದ ಸೀಟಿನ ಮೇಲೆ ದಿನವಿಡೀ ಕೂತು ಹುಡುಗನಿಗೆ ಹುಣ್ಣಾಗಿತ್ತು. ಬೆನ್ನುಹುರಿ ಗಾಯದವರಿಗೆ ಹುಣ್ಣು ಎಂದರೆ ಸಣ್ಣ ಮಾತಲ್ಲ, ಕೀವು ಮೂಳೆಗೆ ಇಳಿದರೆ ಜೀವವೇ ಹೋಗಬಹುದು. ಪುಣ್ಯಕ್ಕೆ ಅವನು ಉಳಿದ. ಅವನ ತಾಯಿ ನನಗೆ ಚಹಾ ಕೊಟ್ಟು, ನಿಮ್ಮಿಂದ ಉಪಕಾರವಾಯಿತು ಎಂದರು. ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ಹುಡುಗನನ್ನು ಒಂದು ಮಾತು ಕೇಳದೆ, ಆ ಮನೆಯ ಬಾಗಿಲು ನೋಡದೆ ನಾನು ಫೋಟೋಕ್ಕೆ ನಿಂತಿದ್ದೆ.

ಈಗ ನಮ್ಮ ಕರ್ನಾಟಕದ ವಿಷಯಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕಿಂತ ಹೆಚ್ಚು ಅಂಗವಿಕಲರಿದ್ದಾರೆ, ಮಹಾರಾಷ್ಟ್ರದಲ್ಲಿ 29 ಲಕ್ಷಕ್ಕಿಂತ ಹೆಚ್ಚು. ಆಗ ಎಣಿಸಿದ್ದಕ್ಕಿಂತ ಹೆಚ್ಚಿನ ವೈಕಲ್ಯಗಳನ್ನು, ಒಟ್ಟು 21 ಬಗೆಯವನ್ನು, 2016ರ ಕಾಯ್ದೆ ಗುರುತಿಸುತ್ತದೆ. ಇಷ್ಟು ಜನರನ್ನು ಮುಟ್ಟುವ ಜಾಲವನ್ನು ಹೊಸದಾಗಿ ಕಟ್ಟಬೇಕೆಂದರೆ ಯಾರಿಗೂ ಗಾಬರಿಯಾಗುತ್ತದೆ. ಆದರೆ ಕರ್ನಾಟಕದಲ್ಲಿ ಅದರ ಎಲುಬಿನ ಗೂಡು ಆಗಲೇ ನಿಂತಿದೆ! ಗ್ರಾಮ ಪಂಚಾಯತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು. ನಾವು ಬಾಯಿಮಾತಿನಲ್ಲಿ ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎನ್ನುವವರು. ಇವರು ಸ್ವತಃ ಅಂಗವಿಕಲರು. ರಾಜ್ಯದ ಸುಮಾರು 6,000 ಪಂಚಾಯತಿಗಳಲ್ಲಿ ನಮ್ಮಂಥವರೇ ನಮ್ಮಂಥವರಿಗಾಗಿ ಕೆಲಸ ಮಾಡುವ ವ್ಯವಸ್ಥೆ ಇದು.

ಆದರೆ ಈ ಗೂಡಿಗೆ ನಾವು ಮಾಂಸ ತುಂಬಲಿಲ್ಲ. ಅವರಿಗೆ ಸಂಬಳವಿಲ್ಲ, ಗೌರವಧನ. ಕೆಲಸವೇನು? ಅರ್ಜಿ ತುಂಬುವುದು, ಯುಡಿಐಡಿ ಕಾರ್ಡಿಗೆ ಹೆಸರು ಬರೆಸುವುದು, ಪಿಂಚಣಿಯ ಕಾಗದಕ್ಕೆ ಓಡಾಡುವುದು, ಪಂಚಾಯತಿಯಲ್ಲಿ ಹೇಳಿದ ಬೇರೆ ಗುಮಾಸ್ತೆ ಕೆಲಸ. ಅರ್ಜಿ ತುಂಬುವುದೂ ಬೇಕಾದ ಕೆಲಸವೇ, ನಾನು ತಮಾಷೆ ಮಾಡುತ್ತಿಲ್ಲ. ಆದರೆ ಹುಣ್ಣಾಗದಂತೆ ಕೂರುವುದನ್ನು ಕಲಿಸಲು ಅವರಿಗೆ ತರಬೇತಿ ಎಲ್ಲಿದೆ? ಮುರಿದ ಚಕ್ರ ಹಾಕಿಕೊಡಲು ತಾಲೂಕಿನಲ್ಲಿ ಒಂದು ರಿಪೇರಿ ಶೆಡ್ ಎಲ್ಲಿದೆ? ಮದುವೆಯಾಗಬೇಕೆನ್ನುವ ಕಿವುಡು ಹುಡುಗಿಯ ಪರವಾಗಿ ಅವಳ ಮನೆಯವರ ಹತ್ತಿರ ಮಾತಾಡುವ ಅಧಿಕಾರ ಯಾರಿಗಿದೆ?

ಗಡಿಗೆ ಬಂದರೆ ಕಥೆ ಇನ್ನೂ ವಿಚಿತ್ರ. ಹುಲಜಂತಿಯ ನನ್ನ ಗೆಳೆಯನಿಗೆ ಬರುವ ಸರ್ಕಾರಿ ಕಾಗದವೆಲ್ಲ ಮರಾಠಿಯಲ್ಲಿ. ಅವನು ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಗಡಿಯ ಈಚೆ, ವಿಜಯಪುರ ಜಿಲ್ಲೆಯ ಒಂದು ಪಂಚಾಯತಿಯ ಕಾರ್ಯಕರ್ತೆ, ತಾನೂ ಪೋಲಿಯೋದವಳು, ಫೋನಿನಲ್ಲಿ ಅವನಿಗೆ ಒಂದೊಂದು ಸಾಲನ್ನೂ ಓದಿ ಹೇಳುತ್ತಾಳೆ. ನಾನು ಅವಳಿಗೆ ಫೋನ್ ಮಾಡಿ ಮಾತಾಡಿದೆ. "ಅವರು ನಮ್ಮ ವ್ಯಾಪ್ತಿಗಿ ಬರಂಗಿಲ್ರಿ ಸರ್. ಆದ್ರ ಫೋನಿಗಿ ವ್ಯಾಪ್ತಿ ಎಲ್ಲೈತ್ರಿ?" ಎಂದು ನಕ್ಕಳು. ತನ್ನ ರೀಚಾರ್ಜು, ತನ್ನ ಸಮಯ. ಆರು ವರ್ಷದಲ್ಲಿ ನನ್ನ ಗೆಳೆಯನಿಗೆ ಸಿಕ್ಕ ಸ್ವತಂತ್ರ ಬದುಕಿನ ಕೇಂದ್ರ ಎಂದರೆ ಈ ಒಬ್ಬ ಹೆಣ್ಣುಮಗಳು. ಎರಡು ರಾಜ್ಯಗಳು ಸೇರಿ ಮಾಡದ್ದನ್ನು ಅವಳೊಬ್ಬಳು ಮಾಡುತ್ತಿದ್ದಾಳೆ. ಅವಳು ಮಾಡುವುದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಹಣ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕೆಂಬ ನಿಯಮ ಕರ್ನಾಟಕದಲ್ಲೂ ಇದೆ, ಮಹಾರಾಷ್ಟ್ರದಲ್ಲೂ ಇದೆ. ಆ ಹಣದಲ್ಲಿ ಏನು ಕೊಳ್ಳಬೇಕೆಂದು ನಮ್ಮನ್ನು ಕೇಳುವವರು ಯಾರು? ವರ್ಷದ ಕೊನೆಗೆ ಒಂದಿಷ್ಟು ಸಾಮಾನು ಹಂಚಿ, ಸಹಿ ತೆಗೆದುಕೊಂಡರೆ ಲೆಕ್ಕ ಮುಗಿಯಿತು. ಮಂಗಳವೇಢೆಯ ದಾಮಾಜಿಪಂತರ ಕಥೆಯನ್ನು ಗೆಳೆಯನ ಅವ್ವ ನನಗೆ ಹೇಳಿದಳು. ಬರಗಾಲದಲ್ಲಿ ದೊರೆಯ ಅಪ್ಪಣೆಗೆ ಕಾಯದೆ ಸರ್ಕಾರಿ ಕಣಜ ತೆರೆದು ಜನಕ್ಕೆ ಧಾನ್ಯ ಹಂಚಿದವರು ಅವರು. ನಮಗೆ ಇವತ್ತು ಅಷ್ಟು ಧೈರ್ಯವಂತರು ಬೇಕಾಗಿಲ್ಲ. ಕಣಜದಲ್ಲಿ ನಮ್ಮ ಪಾಲು ಎಷ್ಟೆಂದು ನಿಯಮವೇ ಹೇಳುತ್ತದೆ. ಅಳೆದು ಹಾಕುವಾಗ ನಮ್ಮವರೊಬ್ಬರು ಅಲ್ಲಿ ಕೂತಿರಬೇಕು, ಅಷ್ಟೇ.

ಇನ್ನೊಂದು ಆಕ್ಷೇಪ ನಮ್ಮ ಮನೆಗಳಿಂದಲೇ ಬರುತ್ತದೆ. ನಮ್ಮದು ಕುಟುಂಬ ಪದ್ಧತಿ, ಇಲ್ಲಿ ಮನೆಯವರೇ ನೋಡಿಕೊಳ್ಳುತ್ತಾರೆ, ಹೊರಗಿನ ಸಹಾಯಕರು ಯಾಕೆ? ನಾನು ಆ ಕುಟುಂಬದಲ್ಲೇ ಬೆಳೆದವನು. ನನ್ನ ಉಮ್ಮ ಏಳನೆಯ ಕ್ಲಾಸಿನವರೆಗೆ ನನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ತಲುಪಿಸಿದಳು. ಗದ್ದೆಯ ಹುಣಿ, ತೋಡಿನ ಸಂಕ, ಮಳೆಗಾಲ. ನಲವತ್ತೈದಕ್ಕೇ ಅವಳ ಬೆನ್ನು ಬಾಗಿತು. ಮುದುಕಿಯಾದ ಮೇಲೆ ಸುಜೂದಿಗೆ ಬಾಗಲಾಗದೆ ಕುರ್ಚಿಯಲ್ಲಿ ಕೂತು ನಮಾಜ್ ಮಾಡುತ್ತಿದ್ದಳು. ಅವಳನ್ನು ಹೊಗಳಿ ಎಲ್ಲರೂ ಮಾತಾಡಿದರು. ಒಂದು ದಿನ ಅವಳ ಬದಲು ನನ್ನನ್ನು ಹೊರಲು ಯಾರೂ ಬರಲಿಲ್ಲ. ಕುಟುಂಬ ನೋಡಿಕೊಳ್ಳುತ್ತದೆ ಎಂದು ನಾವು ಹೇಳುವಾಗ, ಮನೆಯ ಒಬ್ಬ ಹೆಂಗಸು ನೋಡಿಕೊಳ್ಳುತ್ತಾಳೆ ಎಂದು ಅರ್ಥ. ಉಮ್ಮ, ಇಲ್ಲವೆ ಹೆಂಡತಿ, ಇಲ್ಲವೆ ಮದುವೆಯಾಗದ ತಂಗಿ. ಸಂಬಳ ಕೊಟ್ಟು ಒಬ್ಬ ಸಹಾಯಕರನ್ನು ಇಡುವುದರಿಂದ ಕುಟುಂಬ ಒಡೆಯುವುದಿಲ್ಲ. ಅವಳ ಬೆನ್ನು ಉಳಿಯುತ್ತದೆ.

ಅಂಗವಿಕಲಳೇ ಹೆಣ್ಣಾಗಿದ್ದರಂತೂ ಕೇಳುವವರೇ ಇಲ್ಲ. ನನ್ನನ್ನು ಹೊತ್ತು ಶಾಲೆಗೆ ಕಳಿಸಿದರು. ಅದೇ ಓಣಿಯಲ್ಲಿ ನನ್ನಂತೆಯೇ ಪೋಲಿಯೋ ಆದ ಹುಡುಗಿಯೊಬ್ಬಳು ಶಾಲೆಯ ಮುಖ ನೋಡಲಿಲ್ಲ. ಅದಕ್ಕೇ ಹೇಳುವುದು, ಕೇಂದ್ರದ ಮಂಡಳಿಯಲ್ಲಿ ಅಂಗವಿಕಲ ಹೆಣ್ಣುಮಕ್ಕಳು ಇರಲೇಬೇಕು. ಅವರಿಗೆ ಹೆಣ್ಣು ಸಹಾಯಕರೇ ಬೇಕು ಎಂಬ ಮಾತು ಗಂಡಸರಿಂದಲೇ ತುಂಬಿದ ಮಂಡಳಿಯ ತಲೆಗೆ ಹೊಳೆಯುವುದು ಕಷ್ಟ.

ಹಾಗಾದರೆ ನಾವು ಕೇಳಬೇಕಾದದ್ದೇನು? ಒಂದು, ತಾಲೂಕಿಗೊಂದು ಸ್ವತಂತ್ರ ಬದುಕಿನ ಕೇಂದ್ರ. ದೊಡ್ಡ ಕಟ್ಟಡ ಬೇಡ, ರ‍್ಯಾಂಪ್ ಇರುವ ಎರಡು ಕೋಣೆ ಸಾಕು. ಒಂದರಲ್ಲಿ ಮಾತುಕತೆ, ಕಲಿಕೆ, ಇನ್ನೊಂದರಲ್ಲಿ ರಿಪೇರಿ. ಎರಡು, ಮಂಡಳಿಯಲ್ಲಿ ಅಂಗವಿಕಲರ ಬಹುಮತ. ಮೂರು, ಈಗಿರುವ ಪುನರ್ವಸತಿ ಕಾರ್ಯಕರ್ತರಿಗೆ ಸರಿಯಾದ ತರಬೇತಿ, ಗೌರವಧನದ ಬದಲು ಸಂಬಳ. ಅವರೇ ಈ ಜಾಲದ ಕೈಕಾಲು. ನಾಲ್ಕು, ತೀವ್ರ ವೈಕಲ್ಯದವರಿಗೆ ಅವರೇ ಆರಿಸಿಕೊಂಡ ಸಹಾಯಕರು, ಅವರ ಕೂಲಿ ಸರ್ಕಾರದ್ದು. ಐದು, ಗಡಿಯ ಹಳ್ಳಿಗಳಲ್ಲಿ ಹತ್ತಿರದ ಕೇಂದ್ರಕ್ಕೆ, ಗೊತ್ತಿರುವ ಭಾಷೆಯಲ್ಲಿ ಹೋಗುವ ಹಕ್ಕು. ಯುಡಿಐಡಿ ಕಾರ್ಡು ಇಡೀ ದೇಶಕ್ಕೆ ಒಂದೇ ಅಲ್ಲವೇ? ಹಾಗಿದ್ದ ಮೇಲೆ ಕಾರ್ಡು ದಾಟುವ ಗಡಿಯನ್ನು ಸೇವೆ ಯಾಕೆ ದಾಟಬಾರದು?

ಎಂಡೋಸಲ್ಫಾನಿನ ಮಕ್ಕಳ ತಾಯಂದಿರು ನನ್ನ ಮೇಲೆ ಸಿಟ್ಟಾಗಬಹುದು. ನಮ್ಮ ಮಗನಿಗೆ ಮಾತೇ ಬಾರದು, ನಿನ್ನ ಸ್ವತಂತ್ರ ಬದುಕು ಅವನಿಗೆ ಏನು ಮಾಡುತ್ತದೆ ಎಂದು ಕೇಳಬಹುದು. ಆ ಸಿಟ್ಟು ನ್ಯಾಯವಾದದ್ದು. ಅಂಥ ಮಗನಿಗೆ ಹಗಲೂ ರಾತ್ರಿಯೂ ಜನ ಬೇಕು, ನಿಜ. ತಾಯಿ ತೀರಿಹೋದ ಮರುದಿನ ಅವನಿಗೊಂದು ಸೂರು ಬೇಕು, ಅದೂ ನಿಜ. ಆದರೆ ಆ ಸೂರು ಅವನ ಊರಿನಲ್ಲೇ, ನಾಲ್ಕೈದು ಜನರ ಸಣ್ಣ ಮನೆಯಾಗಿರಲಿ. ಅವನ ಮುಖ ನೋಡಿ ಹಸಿವೋ ನೋವೋ ಎಂದು ತಿಳಿಯುವ ನೆರೆಯವರ ನಡುವೆ ಇರಲಿ. ನೂರು ಮಂಚದ ಕಟ್ಟಡದಲ್ಲಿ ಆ ಮುಖ ಓದುವವರು ಯಾರು?

ಹುಲಜಂತಿಯ ಜಾತ್ರೆಯ ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಗೆಳೆಯ ಹಿಂದೆ ಡೊಳ್ಳು ಬಾರಿಸುತ್ತಿದ್ದವನು. ಮಂಚದ ಮೇಲೆ ಮಲಗಿ ಸದ್ದು ಕೇಳುತ್ತಿದ್ದ, ಬೆರಳು ಮಂಚದ ಚೌಕಟ್ಟಿನ ಮೇಲೆ ತಾಳ ಹಾಕುತ್ತಿತ್ತು. ಗುಡಿಗೆ ಹೆಚ್ಚೆಂದರೆ ಐನೂರು ಹೆಜ್ಜೆ. ಆರು ವರ್ಷದಿಂದ ಹೋಗಿಲ್ಲ. ನಾನು ಪಕ್ಕದ ಸೈಕಲ್ ಶಾಪಿನ ಹುಡುಗನನ್ನು ಕರೆಸಿದೆ. ಸಣ್ಣ ಚಕ್ರದ ಬೋಲ್ಟು, ಬೇರಿಂಗು ತೋರಿಸಿ ಹೇಗೆ ಕೂರಿಸಬೇಕೆಂದು ಹೇಳಿದೆ. ಅರ್ಧ ಗಂಟೆಯ ಕೆಲಸ, ನೂರೈವತ್ತು ರೂಪಾಯಿ. ಒಂದು ವರ್ಷ ಅವನು ಮಂಚದಲ್ಲಿದ್ದದ್ದು ಇಷ್ಟಕ್ಕೇ.

ಓಣಿಯ ಹುಡುಗರು ಉತ್ಸಾಹದಿಂದ ತಳ್ಳಿಕೊಂಡು ಹೊರಟರು. ಹತ್ತು ಹೆಜ್ಜೆಗೆ ಎರೆಮಣ್ಣಿನ ಪುಡಿಯಲ್ಲಿ ಮುಂದಿನ ಚಕ್ರ ಹೂತು ನಿಂತಿತು. ಎತ್ತಿಕೊಂಡೇ ಹೋಗೋಣ ಎಂದರು. ಗೆಳೆಯನ ಮುಖ ಸಣ್ಣಗಾಯಿತು. "ಎತ್ತಬೇಡಿ. ತಿರುಗಿಸಿ, ಹಿಂದುಹಿಂದಕ್ಕೆ ಎಳೆಯಿರಿ" ಎಂದೆ. ಮೆತ್ತನೆಯ ನೆಲದಲ್ಲಿ ವೀಲ್‌ಚೇರನ್ನು ಸ್ವಲ್ಪ ವಾಲಿಸಿ ಹಿಂದಕ್ಕೆ ಎಳೆದರೆ ದೊಡ್ಡ ಚಕ್ರವೇ ಭಾರ ಹೊರುತ್ತದೆ, ಸಣ್ಣ ಚಕ್ರ ಹೂಳುವುದಿಲ್ಲ. ಇದನ್ನು ನನಗೆ ಯಾವ ಇಲಾಖೆಯೂ ಕಲಿಸಿಲ್ಲ, ಇನ್ನೊಬ್ಬ ಅಂಗವಿಕಲ ಗೆಳೆಯ ಉಳ್ಳಾಲದ ಮರಳಿನಲ್ಲಿ ಕಲಿಸಿದ್ದ. ಕಡಲ ಮರಳಿನ ವಿದ್ಯೆ ಎರೆಮಣ್ಣಿನಲ್ಲಿ ಕೆಲಸಕ್ಕೆ ಬಂತು. ಪಲ್ಲಕ್ಕಿಗಳು ಭೇಟಿಯಾಗುವ ಹೊತ್ತಿಗೆ ನಾವು ಅಲ್ಲಿದ್ದೆವು. ಗೆಳೆಯನ ತೊಡೆಯ ಮೇಲೆ ಯಾರೋ ಡೊಳ್ಳು ಇಟ್ಟರು. ಚಕ್ರ, ಊರುಗೋಲು, ನನ್ನ ಗಡ್ಡ, ಎಲ್ಲದಕ್ಕೂ ಭಂಡಾರ ಮೆತ್ತಿಕೊಂಡಿತು.

ಬಾಗಿಲು ಮಾತ್ರ ಈಗಲೂ 24 ಇಂಚೇ. ಗೌಂಡಿ ಮುಂದಿನ ತಿಂಗಳು ಬರುತ್ತೇನೆ ಎಂದಿದ್ದಾನಂತೆ. ಮುಂದಿನ ತಿಂಗಳು ಬಂದರೆ ಆ ಮುಂದಿನ ತಿಂಗಳು ಎನ್ನುತ್ತಾನೆ. ವಾರಕ್ಕೊಮ್ಮೆ ಅವನ ಬೆನ್ನು ಹತ್ತಿ ಕೇಳುವವರು ಅಲ್ಲಿಲ್ಲ. ಕೇಂದ್ರ ಬೇಕಾಗಿರುವುದು ಇಂಥದ್ದಕ್ಕೇ.

ಈ ರಮಳಾನಿನಲ್ಲಿ ನಮ್ಮ ಜಮಾಅತ್‌ಗಳು ಮತ್ತೆ ಝಕಾತಿನ ಪಟ್ಟಿ ಮಾಡುತ್ತವೆ, ಅದರಲ್ಲಿ ನಮ್ಮ ಹೆಸರುಗಳೂ ಇರುತ್ತವೆ. ಕೊಡುವವರಿಗೆ ಅಲ್ಲಾಹು ಒಳ್ಳೆಯದು ಮಾಡಲಿ. ಒಂದು ಬೇಡಿಕೆ ಮಾತ್ರ. ಕಿಟ್ ಹಿಡಿದು ಬರುವಾಗ ಜೊತೆಗೆ ಒಂದು ಅಳತೆ ಟೇಪು ತನ್ನಿ. ಬಾಗಿಲು ಅಳೆಯಿರಿ, ಮೆಟ್ಟಿಲು ಎಣಿಸಿ. ಮಸೀದಿಯ ಹೊಸ್ತಿಲು ಒಂದು ಅಡಿ ಎತ್ತರವಿದ್ದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಅದಕ್ಕಿಂತ ಕಡಿದಾದರೆ ನಾವು ಉರುಳುತ್ತೇವೆ. ಆಮೇಲೆ ಮನೆಯೊಳಗೆ ಬಂದು, ಮಂಚದ ಮೇಲಿರುವವನ ಅಣ್ಣನನ್ನಲ್ಲ, ಮಂಚದ ಮೇಲಿರುವವನನ್ನೇ ಕೇಳಿ: ನಿನಗೆ ಏನು ಬೇಕು?